ಕಿರಿಬೆರಳಿನ ಕುಳಿ

ಮೊದಲೇ ಹೇಳಿಬಿಡ್ತೇನಿ, ಹಿಂದಿಂದ ಯಾರೂ ತಕರಾರ ತೆಗಿಬ್ಯಾಡ್ರಿ. ಆ ಮ್ಯಾಂಡೊಲಿನ್ ನಾ ಮಾಡೀನಿ. ನಮ್ಮವರು, ಅಂದ್ರ ನನ್ನ ಗಂಡ, ಮಾಡಿಲ್ಲ, ನಮ್ಮಪ್ಪ ಮಾಡಿಲ್ಲ, ಇಟಲಿ ದೇಶದಾಂವ ಯಾವನೂ ಮಾಡಿಲ್ಲ. ಭಾಲ್ಕಿ ಕಸ್ತೂರಿಬಾಯಿ ಮಾಡ್ಯಾಳ. ಇಷ್ಟ ಒಂದ್ ಮಾತ ಹೇಳಲಿಕ್ಕೆ ನಾ ಬೀದರ ಕೋರ್ಟ ಕಚೇರಿ ತನಕ ಹೋಗಬೇಕಾಯ್ತು. ಹೋದೆ, ಹೇಳಿದೆ, ಅದರಿಂದ ಏನೇನು ಆಯ್ತೋ ಅದಕ್ಕ ನನಗ ಇವತ್ತಿಗೂ ಎಳ್ಳಕಾಳಷ್ಟು ದುಃಖ ಇಲ್ಲ.

ನನ್ನ ಕಸಬು ಲಿಂಗಕ್ಕ ಕಂತಿ ಕಟ್ಟೂದು. ನಾವು ಕೊರಳಾಗ ಕಟ್ಟಿಕೊಳ್ಳೋ ಇಷ್ಟಲಿಂಗ ಇರತದಲ್ಲ, ಒಳಗ ಅದೊಂದು ಸಣ್ಣ ಕಲ್ಲು. ಅದಕ್ಕ ಗಾಳಿ, ಬೆವರು ತಾಗಬಾರದು ಅಂತ ಮ್ಯಾಲ ಕರೀ ಲೇಪ ಕಟ್ಟತಾರ. ಅದೇ ಕಂತಿ. ಗೇರಬೀಜದ ಎಣ್ಣಿ, ಅಂದ್ರ ಅಗಸರು ಅರಿವಿಗಿ ಗುರುತ ಹಾಕ್ತಾರಲ್ಲ ಅದು, ಅದಕ್ಕ ರಾಳ, ಜೇನಮೇಣ, ವಿಭೂತಿ ಹಾಕಿ ಕುದಿಸಬೇಕು. ಬಿಸಿ ಇದ್ದಾಗಲೇ ಬೆರಳಿಲೆ ತಿದ್ದಬೇಕು. ಆರಿತು ಅಂದ್ರ ಮುಗೀತು, ಕಲ್ಲಿಗಿ ಕಲ್ಲು. ನನ್ನ ಹತ್ತೂ ಬೆರಳು ಕರ್ರಗ ಅವ, ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ.

ಲೆಕ್ಕಕ್ಕ ಈ ಕಸಬು ನಮ್ಮವರದು, ಅವರ ಅಪ್ಪ ಮುತ್ಯಾರಿಂದ ಬಂದದ್ದು. ಆದ್ರ ಗೇರಿನ ಎಣ್ಣಿ ಅವರ ಮೈಗಿ ಆಗತಿದ್ದಿಲ್ಲ. ಒಂದ್ ಹನಿ ಸಿಡಿದ್ರ ಸಾಕು, ಮುಖ ಬಾತು ಕುಂಬಳಕಾಯಿ ಆಗತಿತ್ತು. ಮದಿವ್ಯಾಗಿ ಬಂದ ವರ್ಷವೇ ನಾ ಒಲಿ ಮುಂದ ಕುಂತೆ. ನಾ ಒಳಗ ಕಟ್ಟತಿದ್ದೆ, ಅವರು ಪಡಸಾಲ್ಯಾಗ ಕುಂತು ಬಂದವರಿಗಿ ಕೊಡತಿದ್ರು. ಊರ ಮಂದಿ 'ಇಂಥವರ ಕಂತಿ ಅಂದ್ರ ಕಂತಿ, ಹುಟ್ಟಿದಾಗ ಕಟ್ಟಿದ್ರ ಮಣ್ಣಿಗಿ ಹೋಗೂ ತನಕ ಬಿರಕ ಬಿಡಂಗಿಲ್ಲ' ಅಂತ ಹೊಗಳತಿದ್ರು. ಹೆಂಡತಿ ಆದಾಕಿ ಗಂಡನ ಹೆಸರು ಬಾಯಿಲೆ ಆಡಬಾರದು, ಅದಕ್ಕ 'ಇಂಥವರು' ಅಂದೆ. ನಾ ಒಳಗ ರೊಟ್ಟಿ ಬಡಕೋತ ಎಲ್ಲಾ ಕೇಳತಿದ್ದೆ. ಒಂದ್ ದಿನಾನೂ ಅವರು 'ಇದು ನನ್ನ ಹೆಂಡತಿ ಕೈಯಿಂದು' ಅನ್ನಲಿಲ್ಲ. ಒಳ್ಳೇ ಮನಷ್ಯಾ ಇದ್ರು, ಬೈದಿಲ್ಲ, ಹೊಡದಿಲ್ಲ, ಆದ್ರ ಅನ್ನಲಿಲ್ಲ ನೋಡ್ರಿ.

ದೊಡ್ಡ ಜ್ವರ ಬಂದು ಮನಿಗೊಬ್ಬರಂಗ ಹೋದ್ರಲ್ಲ, ಆ ವರ್ಷ ಅವರೂ ಹೋದ್ರು. ಆಮ್ಯಾಲ ಊರ ಹಿರ್ಯಾರಿಗಿ ಫಿಕೀರ ಹತ್ತಿತು, ಇನ್ ಕಂತಿ ಕಟ್ಟಾವರು ಯಾರು ಅಂತ. ಹಿರ್ಯಾರು ಅಂದ್ರ ನಮ್ಮ ಬಸವಣ್ಣೆಪ್ಪ ಕಾಕಾ, ಜ್ವಾಳದ ಅಡತಿ ಅಂಗಡಿಯವರು. ಮಠದಾಗ, ಪಂಚಾಯತ್ಯಾಗ ಅವರ ಮಾತೇ ಕಡೀ ಮಾತು. ನಾ ಅವರ ಮುಂದ ಹೋಗಿ ನಿಂತು, "ಇಷ್ಟು ದಿನ ಕಟ್ಟಿದಾಕಿ ಯಾರೋ ಆಕೀನೇ ಕಟ್ಟತಾಳ್ರಿ ಕಾಕಾ," ಅಂದೆ. ಅವರ ಮುಖ ಹುಣಚಿಹಣ್ಣ ತಿಂದಂಗ ಆಯ್ತು. ಆದ್ರ ಏನು ಮಾಡತಾರ, ಸುತ್ತ ಯಾವ ಊರಾಗೂ ಇನ್ನೊಬ್ಬರಿಲ್ಲ. "ಜಳಕಾ ಮಾಡಿ ಮಾಡು. ಗದ್ದಲ ಮಾಡಬ್ಯಾಡ," ಅಂದ್ರು. ಗದ್ದಲ ನನ್ನ ಹುಟ್ಟುಗುಣ, ಅದು ಅವರಿಗೂ ಗೊತ್ತಿತ್ತು.

ಹಿಂಗ ಇರೋವಾಗ ಒಂದ್ ದಿನ ಮಕ್ಬೂಲ ಬಂದ. ನಮ್ಮ ಓಣಿಯವನೇ, ಮದಿವಿ ಮುಂಜಿವ್ಯಾಗ ಬಾಜಾ ಬಾರಸಾಂವ. ಒಂದ್ ಚಾದರದಾಗ ಏನೋ ಕಟಗಿ ಚೂರು ಕಟ್ಟಿಕೊಂಡು ಬಂದು ನನ್ನ ಕಟ್ಟಿ ಮ್ಯಾಲ ಸುರುವಿದ. ನಾಟಕ ಕಂಪನಿಯವರು ಹೈದರಾಬಾದಿಗಿ ಹೋಗೋವಾಗ ಬಿಟ್ಟು ಹೋದದ್ದಂತ. ಮ್ಯಾಂಡೊಲಿನ್ ಅಂತ ಅದರ ಹೆಸರಂತ. ಸಣ್ಣ ಸಿತಾರದಂಗ, ಹೊಟ್ಟಿ ಗುಂಡಗ. ಬಂಡಿ ಗಾಲಿ ಮ್ಯಾಲ ಹೋಗಿ ಹೊಟ್ಟಿ ಪುಡಿ ಆಗಿತ್ತು, ಕುತಗಿ ಮುರದಿತ್ತು, ಮುಂದಿನ ಹಲಗಿ ಎರಡ ಹೋಳಾಗಿತ್ತು. ತಂತಿ ತಿರುವೋ ಕಬ್ಬಿಣದ ಕೀಲಿ ಮಾತ್ರ ನೆಟ್ಟಗ ಉಳದಿದ್ವು.

"ಅಕ್ಕಾ, ನಿಮ್ಮ ಕರೀ ಲೇಪ ಭಾರಿ ಗಟ್ಟಿ ಅಂತಾರ. ಅದರಲೆ ಇದನ್ನ ಅಂಟಿಸಿ ಕೊಡ್ರಿ," ಅಂದ.

"ಇದೇನು ಅಂಟಸ್ತಿಯೋ, ಸತ್ತ ಎಮ್ಮಿಗಿ ಹುಲ್ಲ ಹಾಕಿದಂಗ. ಹೊಸಾದೇ ಮಾಡಬೇಕು," ಅಂದೆ.

ಅಂವ ನಕ್ಕ. "ಇದು ವಿಲಾಯತಿ ಮಾಲು ಅಕ್ಕಾ. ನಮ್ಮ ಮುಲ್ಕಿನವರ ಕೈಲೆ ಆಗಂಗಿಲ್ಲ."

ಬೆಂಕಿ ಹತ್ತಿತು ನೋಡ್ರಿ ನನಗ! ಆಗಂಗಿಲ್ಲ ಅಂದ್ರ? ಯಾರ ಹೇಳ್ಯಾರ ಆಗಂಗಿಲ್ಲ ಅಂತ? ನಾ ಔರಾದ ಕಡಿ ಸಂತಪುರದಾಕಿ. ನಮ್ಮಪ್ಪ ಏಕತಾರಿ ಮಾಡಿ ಭಜನಿ ಮಂದಿಗಿ ಕೊಡಾಂವ. ನಾ ನಡಿಯೂದು ಕಲಿಯೂದಕ್ಕಿಂತ ಮೊದಲು ಉಳಿ ಹಿಡದೀನಿ. ಬಲಗೈ ಕಿರಿಬೆರಳಿನ ಮ್ಯಾಲ ಅಪ್ಪನ ಕಟಗಿ ಕೆತ್ತೂ ಬಾಚಿ ಬಿದ್ದು ಅದು ಸೊಟ್ಟ ಕೂಡ್ಯದ, ಹಿಂಗ ಕುಡಗೋಲಿನಂಗ ಒಳಗ ಬಾಗ್ಯದ. "ಚೂರು ಇಲ್ಲೇ ಬಿಟ್ಟು ಹೋಗು. ಕೀಲಿ ಒಂದ್ ಬಿಚ್ಚಿ ಹಾಕತೇನಿ, ಉಳದದ್ದೆಲ್ಲ ನಂದು," ಅಂತ ಹೇಳಿ ಅವನಿಗಿ ಅಟ್ಟಿದೆ.

ತಮ್ಮಗ ಹೇಳಿ ಸಂತಪುರದಿಂದ ಒಣಗಿದ ಶಿವನಿ ಕಟಗಿ ತರಿಸಿದೆ. ಹಳೇದರ ಹೊಟ್ಟಿ ಸಣ್ಣ ಸಣ್ಣ ಪಟ್ಟಿ ಬಗ್ಗಿಸಿ ಅಂಟಿಸಿದ್ದಿತ್ತು. ಅದೆಲ್ಲ ಯಾರಿಗಿ ಬೇಕು? ನಾ ಒಂದೇ ತುಂಡಿನಾಗ ಮರಗಿ ಕೊರದಂಗ ಕೊರದೆ. ಮುಂದಿನ ಹಲಗಿ ಎರಡೂ ಹೋಳು ಕೂಡಿಸಿ ಇಟ್ಟುಕೊಂಡು ನೋಡಿ ನೋಡಿ ಹಂಗೇ ಇಳಿಸಿದೆ. ತಂತಿ ಬಾಜೂಕ ಒಂದ್ ಸಣ್ಣ ಕುಳಿ ಇತ್ತು. ಇದೇನಿದು ಅಂತ ಭಾಳ ವಿಚಾರ ಮಾಡಿದೆ. ಆಮ್ಯಾಲ ತಿಳೀತು, ಬಾರಸೋವಾಗ ಕಿರಿಬೆರಳು ಊರಲಿಕ್ಕೆ ಜಾಗಾ ಮಾಡ್ಯಾರ, ಎಷ್ಟು ಶಾಣ್ಯಾ ಮಂದಿ! ನಾನೂ ಮಾಡಿದೆ. ನನ್ನ ಬೆರಳೇ ಇಟ್ಟು, ಸುತ್ತ ಗೀಟ ಹೊಡದು, ಹದನಾಗಿ ಕೊರದೆ. ಕೊರದ ಮ್ಯಾಲ ಕುಳಿಗೂ ಹಲಗಿಗೂ ಹೊಟ್ಟಿಗೂ ಎಲ್ಲಾದಕ್ಕೂ ಉಳ್ಳಾಗಡ್ಡಿ ಸಿಪ್ಪಿಯಷ್ಟು ತೆಳ್ಳಗ ಕಂತಿ ಎಳದೆ. ಮನ್ಯಾಗ ಲಿಂಗಕ್ಕ ಕುದಿಸಿದ ಗಡಗಿ ಇತ್ತು. ಬ್ಯಾರೆ ಗಡಗಿ ಯಾಕ ಇಡಲಿ?

ಮಕ್ಬೂಲ ಬಂದು ತಗೊಂಡ. ತಿರುವಿ ತಿರುವಿ ನೋಡಿದ. ಆ ಕುಳಿ ಮ್ಯಾಲ ಕೈಯಾಡಿಸಿದ. ತಲಿ ಕೆಳಗ ಹಾಕಿದ, ಭುಜ ಅಲುಗತಿದ್ವು. ಅಳಲಿಕತ್ಯಾನ ಅಂತ ತಿಳಕೊಂಡೆ ನಾ. "ಭಾಳ ಛಲೋ ಮಾಡೀರಿ ಅಕ್ಕಾ," ಅಂದ. ತಂತಿ ಬಿಗಿದು ಬಾರಿಸಿದ. ಅವ್ವಾ, ಏನಂತ ಹೇಳಲಿ ಆ ದನಿ! ಓಣಿಯ ಹೆಂಗಸರೆಲ್ಲ ಹೊಸ್ತಿಲಕ್ಕ ಬಂದು ನಿಂತ್ರು. ನನಗ ಕಣ್ಣಾಗ ನೀರ ಬಂತು, ನಾ ಅತ್ತೆ, ಯಾಕ ಸುಳ್ಳ ಹೇಳಲಿ.

ಅದೇ ಮ್ಯಾಂಡೊಲಿನ್ ಹಿಡಕೊಂಡು ಅಂವ ಔರಾದದಾಗ ಒಂದ್ ಮದಿವಿಗಿ ಬಾರಸಲಿಕ್ಕೆ ಹೋಗಿದ್ದ. ಅಲ್ಲಿ ಬೀದರ ಜಾಗೀರದಾರ ಅಬ್ದುಲ ಮಜೀದ ಸಾಹೇಬರ ಕಾರಕೂನ ಬಂದಿದ್ದ. ಅವರ ದೇವಡ್ಯಾಗ, ಅಂದ್ರ ದೊಡ್ಡ ಮನ್ಯಾಗ, ಅವರ ತಂದಿ ಕಾಲದ್ದು ಒಂದ್ ಮ್ಯಾಂಡೊಲಿನ್ ಇತ್ತಂತ. ಯಾರೋ ಗೋರಾ ಸಾಹೇಬ ಕೊಟ್ಟದ್ದು, ಹೊಗಿ ಹಿಡದು ಕರ್ರಗ ಆಗಿದ್ದು. ಅದು ಕಳವಾಗಿತ್ತಂತ. ಮಕ್ಬೂಲ ಹಿಂದಕ ಒಮ್ಮಿ ಆ ದೇವಡ್ಯಾಗ ಬಾರಿಸಿ ಬಂದಿದ್ದ. ಇಷ್ಟ ಸಾಕಾಯ್ತು. ಕಾರಕೂನ ಕೀಲಿ ಮ್ಯಾಲಿನ ವಿಲಾಯತಿ ಅಕ್ಷರ ತೋರಿಸಿ, "ಇದೇ ನಮ್ಮದು, ಇಂವನೇ ಕಳ್ಳ," ಅಂದ. ಊಟಕ್ಕ ಕುಂತಾಂವನಿಗಿ ಎಬ್ಬಿಸಿ, ಬೇಡಿ ಹಾಕಿ ಬೀದರಿಗಿ ಒಯ್ದು ಕೂಡಿ ಹಾಕಿದ್ರು.

ಅವನ ಹೆಂಡತಿ ಕುಲಸುಮಬೀ ಎದಿ ಬಡಕೋತ ನನ್ನ ಕಡಿ ಬಂದಳು. "ಅಕ್ಕಾ, ಇದು ನಮ್ಮ ಓಣಿ ಕಸ್ತೂರಿ ಅಕ್ಕ ಮಾಡಿದ್ದು ಅಂತ ಇವರು ಖರೇನೇ ಹೇಳ್ಯಾರ. ಎಲ್ಲಾರೂ ನಕ್ಕರಂತ. ಕಳವು ಮಾಡಿದ್ದಲ್ಲದೆ ಚ್ಯಾಷ್ಟಿ ಬ್ಯಾರೆ ಮಾಡತೀ ಅಂತ ಹೊಡದ್ರಂತ," ಅಂದಳು.

"ನಕ್ಕರಾ?" ಅಂದೆ.

"ಹೂಂ ಅಕ್ಕಾ."

"ಏಳು. ಬಂಡಿ ಕಟ್ಟಸು."

ನಾ ಹೊಂಟದ್ದು ಊರಿಗೆಲ್ಲ ಗೊತ್ತಾಯ್ತು. ಬಸವಣ್ಣೆಪ್ಪ ಕಾಕಾ ಇಬ್ಬರು ಹಿರ್ಯಾರಿಗಿ ಕರಕೊಂಡು ತಮ್ಮ ಬಂಡ್ಯಾಗ ಹಿಂದೇ ಬಂದ್ರು. ಹೆಣ್ಣಮಗಳು ಒಬ್ಬಾಕಿ ಕಚೇರಿ ಮೆಟ್ಟಲ ಹತ್ತೂದು ಮರ್ಯಾದಿ ಅಲ್ಲ ಅಂತ ಅವರ ಮಾತು. ಹಾದಿಯುದ್ದಕ್ಕೂ ಹಿಂದಿನ ಬಂಡ್ಯಾಗಿಂದ ಕೂಗಿ ಹೇಳಿದ್ದೇ ಹೇಳಿದ್ರು, "ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದನಂತ, ನಿನಗ್ಯಾಕ ಬೇಕಿತ್ತು ತಂಗಿ?" ನಾ ಉತ್ತರಾನೇ ಕೊಡಲಿಲ್ಲ. ಉತ್ತರ ಎಲ್ಲಾ ಕಚೇರಿಗಿ ಅಂತ ಉಳಿಸಿ ಇಟ್ಟಿದ್ದೆ.

ಬೀದರ ಕಚೇರ್ಯಾಗ ಮುನಸೀಫ ಸಾಹೇಬರು ಎತ್ತರದ ಕುರ್ಚಿ ಮ್ಯಾಲ ಕುಂತಿದ್ರು. ಎಲ್ಲಾ ಉರ್ದೂದಾಗ ನಡಿಯೂದು. ನನಗ ತಿಳೀತದ, ನಮ್ಮ ಓಣ್ಯಾಗ ಅದನ್ನೇ ಅರ್ಧಾ ಮಂದಿ ಆಡತಾರ. ಆದ್ರೂ ಕಚೇರಿ ಬರವಣಿಗಿ ಮಾಡೂ ಪೇಶಕಾರ ಒಬ್ಬಾಂವ ನಡಕ ನಿಂತು ಕನ್ನಡಕ್ಕ ಮಾಡಿ ಹೇಳತಿದ್ದ. ಗಂಡನ ಹೆಸರ ಕೇಳಿದ. ನಾ ಸುಮ್ಮನ ನಿಂತೆ, ಅದು ಬಾಯಾಗ ಬರೂ ಮಾತಲ್ಲ. ಬಸವಣ್ಣೆಪ್ಪ ಕಾಕಾ ಹಿಂದಿಂದ "ಹಾವಗೆಪ್ಪ" ಅಂದ್ರು. 'ಹಾವಗೆಪ್ಪನ ಬೇವಾ', ಅಂದ್ರ ವಿಧವಾ, ಅಂತ ಬರಕೊಂಡ. ನನ್ನ ಹೆಸರೇನು ಅಂತ ಕೇಳಲೇ ಇಲ್ಲ.

ಮಕ್ಬೂಲ ಒಂದ್ ಮೂಲ್ಯಾಗ ಬೇಡಿ ಹಾಕಿಕೊಂಡು ನಿಂತಿದ್ದ. ತುಟಿ ಒಡದಿತ್ತು. ಮ್ಯಾಂಡೊಲಿನ್ ಮೇಜಿನ ಮ್ಯಾಲಿತ್ತು. ಜಾಗೀರದಾರ ಸಾಹೇಬರು ಹೈದರಾಬಾದಿನಿಂದ ಒಬ್ಬ ಉಸ್ತಾದರಿಗಿ ಕರಿಸಿದ್ರು. ಶೇರವಾನಿ ತೊಟ್ಟು, ಅತ್ತರ ಹಚ್ಚಿ, ಯಾವ ಬಾಜಾ ಯಾವ ದೇಶದ್ದು ಅಂತ ಮುಟ್ಟಿ ನೋಡಿ ಹೇಳಾಂವ ಅಂತ ಹೆಸರಾದಾಂವ. ಅಂವ ಮ್ಯಾಂಡೊಲಿನ್ ಎತ್ತಿ, ಕೂಸಿಗಿ ಹಿಡದಂಗ ಹಿಡದು, ಬೆಳಕಿಗಿ ತಿರುವಿದ.

"ಹುಜೂರ, ಇದು ಇಟಲಿ ಮಾಲು. ಕಟಗಿ ಆಬನೂಸು, ಅದಕ್ಕೇ ಇಷ್ಟು ಕಪ್ಪು. ಹೊಟ್ಟಿ ನೋಡ್ರಿ. ಎಷ್ಟೋ ಪಟ್ಟಿ ಜೋಡಿಸಿರತಾರ, ಒಂದ್ ಜೋಡಣೀನೂ ಕಣ್ಣಿಗಿ ಬೀಳಂಗಿಲ್ಲ. ಏನ್ ಕಾರೀಗರಿ!"

ಜೋಡಣಿ ಇದ್ರ ತಾನೇ ಕಣ್ಣಿಗಿ ಬೀಳೂದು! ಎತ್ತು ಈಯ್ತು ಅಂದ್ರ ಕೊಟ್ಟಗ್ಯಾಗ ಕಟ್ಟು ಅಂದಂಗ, ಮುನಸೀಫ ಸಾಹೇಬರೂ ಹೌದಂತ ತಲಿ ಹಾಕಿದ್ರು. ನಾ ಸೆರಗ ಬಾಯಿಗಿ ಇಟ್ಟುಕೊಂಡೆ.

"ಇನ್ನ ಇದರ ವಯಸ್ಸು," ಅಂತ ಉಸ್ತಾದ ಕುಳಿ ಮ್ಯಾಲ ಬೆರಳ ಮಾಡಿ ತೋರಿಸಿದ. "ಇಲ್ಲಿ ನೋಡ್ರಿ ಹುಜೂರ. ಬಾರಸಾಂವನ ಕಿರಿಬೆರಳು ತಿಕ್ಕಿ ತಿಕ್ಕಿ ಹಲಗಿ ಹಿಂಗ ಸವದು ಕುಳಿ ಬಿದ್ದದ. ಇಷ್ಟು ಸವೀಲಿಕ್ಕೆ ನೂರು ವರ್ಷ ಬೇಕು. ನಿನ್ನಿ ಮೊನ್ನಿ ಭಾಲ್ಕ್ಯಾಗ ಮಾಡಿದ್ದಕ್ಕ ಈ ಕುಳಿ ಎಲ್ಲಿಂದ ಬಂತು? ಇದಕ್ಕಿಂತ ದೊಡ್ಡ ಸಬೂತ ಬೇಕೇನು?"

ಒಂದ್ ಗಳಿಗಿ ನನಗ ತಿಳೀಲೇ ಇಲ್ಲ. ಆಮ್ಯಾಲ ತಿಳೀತು. ಸವದದ್ದು! ಅದು ಸವದ ಜಾಗಾ! ಯಾವನೋ ನಾಟಕದಾಂವ ವರ್ಷಾನುಗಟ್ಟಲೆ ಬೆರಳ ತಿಕ್ಕಿ ತಿಕ್ಕಿ ಕೆಡಿಸಿದ್ದನ್ನ ನಾ ಶಾಣ್ಯಾರ ಕೆಲಸ ಅಂತ ತಿಳಕೊಂಡು, ಅಳತಿ ತಗೊಂಡು, ಹೊಸಾ ಹಲಗಿಗಿ ಕೊರದೀನಿ. ಹೊಸಾ ಸೀರಿಗಿ ಹಳೇ ಸೀರಿ ತೂತು ನೋಡಿ ತೂತು ಮಾಡಿದಂಗ! ಮಕ್ಬೂಲನ ಕಡಿ ನೋಡಿದೆ. ಅಂವ ತಲಿ ಕೆಳಗ ಹಾಕಿದ. ಅವತ್ತು ನನ್ನ ಕಟ್ಟಿ ಮುಂದ ಹಾಕಿದ್ನಲ್ಲ, ಹಂಗೇ. ಭುಜ ಅಲುಗಿದ್ದು ಅಳಲಿಕ್ಕಲ್ಲ, ಭಾಡ್ಯಾ ನಕ್ಕಿದ್ದ. ನಕ್ಕೂ ನನಗ ಹೇಳಿದ್ದಿಲ್ಲ, ನನ್ನ ಮನಸ್ಸಿಗಿ ನೋವಾಗಬಾರದು ಅಂತ. ನನ್ನ ಕಿವಿ ಬುಡ ಬಿಸಿ ಆಯ್ತು, ಮರುಗಳಿಗ್ಯಾಗ ಜೋರಲೆ ನಗು ಬಂತು. ತಡಿಲಿಕ್ಕೇ ಆಗಲಿಲ್ಲ, ನಕ್ಕೆ.

ಮುನಸೀಫ ಸಾಹೇಬರು ಮೇಜು ಬಡದ್ರು. "ಈ ಹೆಂಗಸು ಯಾಕ ನಗತಾಳ?"

"ಹೇಳತೇನ್ರಿ ಸರಕಾರ. ಅದನ್ನ ನಾನೇ ಮಾಡೀನಿ. ಆ ಕುಳಿ ಸೈತ."

ಕಚೇರ್ಯಾಗ ಎಲ್ಲಾರೂ ನಕ್ಕರು. ಜಾಗೀರದಾರ ಸಾಹೇಬರು ನಕ್ಕರು, ಉಸ್ತಾದ ನಕ್ಕ, ಬಾಗಲ ಕಾಯೋ ಸಿಪಾಯಿನೂ ನಕ್ಕ. ಮುನಸೀಫ ಸಾಹೇಬರು ಮಾತ್ರ ನಗಲಿಲ್ಲ. ಅವರು ನನ್ನ ಮುಖ ನೋಡಿ, "ಹೆಂಗಸು ಇಂಥಾದ್ದು ಮಾಡಿದಳು ಅಂತ ನಾ ಹ್ಯಾಂಗ ನಂಬಲಿ? ನಿನ್ನ ಹಿಂದ ಯಾರರ ಗಂಡಸು ಇದ್ದಿರಬೇಕು. ವಿಚಾರ ಮಾಡಿ ಹೇಳು," ಅಂದ್ರು. ಅಷ್ಟರಾಗ ಮಧ್ಯಾಹ್ನದ ನಮಾಜಿನ ಹೊತ್ತಾಯ್ತು, ಕೆಲಸ ನಿಲ್ಲಿಸಿ ಎದ್ದರು.

ಹೊರಗ ಬೇವಿನ ಗಿಡದ ಕೆಳಗ ಬಸವಣ್ಣೆಪ್ಪ ಕಾಕಾ ನನಗ ಬಾಜೂಕ ಕರದ್ರು. ದನಿ ಸಣ್ಣ ಮಾಡಿದ್ರು. "ಕಸ್ತೂರಿ, ಒಂದ್ ಕೇಳತೇನಿ, ಖರೇ ಹೇಳು. ಆ ಕಪ್ಪು ಏನದು? ನನಗ ನೋಡಿದ ಕೂಡ್ಲೇ ಎದಿ ಝಲ್ಲ ಅಂತು."

"ನಿಮಗ ತಿಳದದ್ದೇ ಅದ ಕಾಕಾ. ಕಂತಿ."

"ಶಿವ ಶಿವಾ!" ಅಂತ ಕಣ್ಣ ಮುಚ್ಚಿದ್ರು. ಆಮ್ಯಾಲ ಬ್ಯಾಪಾರದ ಮನಷ್ಯಾ ನೋಡ್ರಿ, ಲಗೂನೇ ಕಣ್ಣ ತೆರದ್ರು. "ಕೇಳಿಲ್ಲಿ. ಮುನಸೀಫ ತಾನೇ ಹಾದಿ ತೋರಿಸ್ಯಾನ. ನನ್ನ ಗಂಡ ಸಾಯೂದಕ್ಕಿಂತ ಮೊದಲು ಮಾಡಿ ಇಟ್ಟಿದ್ದ, ನಾ ಮಕ್ಬೂಲಗ ಕೊಟ್ಟೆ ಅನ್ನು. ಗಂಡಸು ಮಾಡ್ಯಾನ ಅಂದ್ರ ಅವರೂ ನಂಬತಾರ. ಮಕ್ಬೂಲಗೂ ಹಂಗೇ ಅನ್ನಲಿಕ್ಕೆ ನಾ ಹೇಳತೇನಿ. ಅಂವ ಬಿಡಗಡಿ ಆಗತಾನ. ಕಂತಿ ಮಾತು ಬಂದ್ರೂ ಸತ್ತಾಂವನಿಗಿ ಯಾರು ಏನು ಮಾಡತಾರ? ನಿನ್ನ ಕಸಬೂ ಉಳೀತದ. ಇಲ್ಲಂದ್ರ ತಂಗಿ, ಲಿಂಗದ ಕಂತಿ ಬಾಜಾಕ್ಕ ಬಳದಾಕಿ ಅಂತ ಆದ್ರ ನಾಳಿಂದ ನಿನ್ನ ಕೈಲೆ ಯಾರೂ ಲಿಂಗಾ ಕಟ್ಟಿಸಿಕೊಳ್ಳಂಗಿಲ್ಲ. ನಾನೇ ಬಿಡಂಗಿಲ್ಲ."

ಬರೋಬ್ಬರಿ ಮಾತು. ಅದರಾಗ ಒಂದೂ ತೂತಿದ್ದಿಲ್ಲ. ಎಲ್ಲಾರಿಗೂ ಒಳ್ಳೇದು. ನಾ ಬೇವಿನ ಬಡ್ಡಿಗಿ ಆತು ಕುಂತೆ. ಖರೇನೇ ಹೇಳತೇನಿ, ಹೊಟ್ಟಿ ನೆನಪಾಯ್ತು ನನಗ. ಕಂತಿ ಬಿಟ್ರ ನನಗ ಬ್ಯಾರೆ ಅನ್ನ ಇಲ್ಲ. ಹೂಂ ಅಂದ್ರ ಏನು ಹೋಗತದ, ಯಾವಾಗಲೂ ಅಂದದ್ದೇ ಅಲ್ಲೇನು ಅನಸಿತು. ಹಂಗ ಅನಿಸಿದ ಕೂಡ್ಲೇ ಸಿಟ್ಟು ನೆತ್ತಿಗೇರಿತು. ಯಾವಾಗಲೂ ಅಂದದ್ದೇ! ಪಡಸಾಲ್ಯಾಗ ಅವರು ಹೊಗಳಿಸಿಕೋತ ಕುಂತಾಗ ನಾ ಒಳಗ ಹೊಗಿ ಕುಡಕೋತ ಕುಂತೀನಿ. ಬದುಕಿದ್ದಾಗ ಕೊಟ್ಟೀನಿ, ಸತ್ತ ಮ್ಯಾಲೂ ಕೊಡಲೇನು? ಇಷ್ಟು ಆಯುಷ್ಯದಾಗ ಒಂದೇ ಒಂದ್ ಸಾಮಾನು ನನ್ನ ಮನಸ್ಸಿಲೆ, ನನ್ನ ಹಟಕ್ಕ ಮಾಡೀನಿ. ಅದನ್ನೂ ಬಿಡು ಅಂತಾರ ಇವರು.

"ಹೂಂ ಅಂತಿಯಲ್ಲ?" ಅಂದ್ರು ಕಾಕಾ.

"ಒಳಗ ನಡೀರಿ ಕಾಕಾ, ಅಲ್ಲೇ ಹೇಳತೇನಿ," ಅಂದೆ.

ಮುನಸೀಫ ಸಾಹೇಬರು ಬಂದು ಕುಂತ್ರು. ಪೇಶಕಾರ ಲೇಖಣಿ ಅದ್ದಿಕೊಂಡು, "ಹೇಳು, ಯಾರು ಮಾಡಿದ್ದು? ನಿನ್ನ ಗಂಡ ಮಾಡಿದ್ದೇನು?" ಅಂದ. ಬಸವಣ್ಣೆಪ್ಪ ಕಾಕಾ ಹಿಂದಿಂದ ಕೆಮ್ಮಿದ್ರು.

"ಹಾವಗೆಪ್ಪ ಮಾಡಿಲ್ಲ," ಅಂದೆ ನಾ, ಆ ಕಡೀ ಗೋಡಿಗಿ ಕೇಳೋವಂಗ. "ಕಸ್ತೂರಿ ಮಾಡ್ಯಾಳ."

ಭಾಲ್ಕಿ ಹಿರ್ಯಾರು "ಅಯ್ಯಯ್ಯ!" ಅಂದ್ರು. ತುಂಬಿದ ಕಚೇರ್ಯಾಗ ನಾಕ ಮಂದಿ ಎದುರಿಗಿ ಗಂಡನ ಹೆಸರ ಹಿಡದೀನಿ! ನನಗೂ ನಾಲಿಗಿ ಸುಟ್ಟಂಗ ಆಯ್ತು. ಆದ್ರ ಹೆಸರ ಹಿಡೀಲಾರದೆ ಅವರಿಂದ ನಂದು ಹಿಂದಕ್ಕ ಹ್ಯಾಂಗ ಇಸಗೊಳ್ಳಲಿ ಹೇಳ್ರಿ?

"ಸಬೂತ?" ಅಂದ್ರು ಮುನಸೀಫರು.

"ಅಂಗೈ ಹುಣ್ಣಿಗಿ ಕನ್ನಡಿ ಯಾಕ್ರಿ ಸರಕಾರ, ಆ ಕುಳೀನೇ ಸಬೂತ. ಬೆರಳು ತಿಕ್ಕಿ ಸವದದ್ದು ಖರೇ ಆಗಿದ್ರ ಮೊದಲು ಮ್ಯಾಲಿನ ಕಪ್ಪು ಹೋಗಬೇಕು, ಆಮ್ಯಾಲ ಕಟಗಿ ಸವೀಬೇಕು. ನೋಡ್ರಿ, ಕುಳಿ ತಳದ ತನಕ ಕಪ್ಪು ಹಂಗೇ ಅದ. ಯಾಕಂದ್ರ ಕುಳಿ ಮೊದಲು ಕೊರದೀನಿ, ಕಪ್ಪು ಆಮ್ಯಾಲ ಎಳದೀನಿ. ನಾಟಕದವರು ಬಿಟ್ಟು ಹೋದ ಹಳೇದರದು ಕೀಲಿ ಒಂದೇ ಹಾಕೀನಿ, ಅದರ ಸವದ ಜಾಗಾ ನೋಡಿ ಬೆರಳ ಇಡೂ ಜಾಗಾ ಅಂತ ತಿಳಕೊಂಡೆ. ನನಗೇನು ಗೊತ್ತು, ನಾ ಹುಟ್ಟಿದಾಗಿಂದ ಮ್ಯಾಂಡೊಲಿನ್ ನೋಡಿದಾಕೀನಾ? ತಪ್ಪು ಮಾಡೀನಿ. ಆ ತಪ್ಪೂ ನಂದೇ, ಇಟಲಿಯವರಿಗಿ ಕೊಡಂಗಿಲ್ಲ."

ಮುನಸೀಫ ಸಾಹೇಬರು ಮ್ಯಾಂಡೊಲಿನ್ ತರಿಸಿ ಕುಳ್ಯಾಗ ಉಗುರಿಲೆ ಕೆರದು ನೋಡಿದ್ರು. ಕಪ್ಪು ಏಳಲಿಲ್ಲ. ಉಸ್ತಾದ ಬಗ್ಗಿ ನೋಡಿದ, ಅವನ ಮುಖದ ಬಣ್ಣ ಇಳೀತು.

"ಇನ್ನ ಒಬ್ಬೊಬ್ಬರ ಕಿರಿಬೆರಳ ಅದರಾಗ ಇಡಿಸ್ರಿ," ಅಂದೆ. ಉಸ್ತಾದ ಇಟ್ಟ, ಕೂಡಲಿಲ್ಲ. ಮಕ್ಬೂಲನ ಕೈ ಬಿಚ್ಚಿ ಇಡಿಸಿದ್ರು, ಅವನ ದಪ್ಪ ಬೆರಳು ಮ್ಯಾಲೇ ನಿಂತು ಬಿಡ್ತು. ಅಂವ ಕುಳಿ ಬಿಟ್ಟು ಬಾಜೂಕ ಬೆರಳ ಊರಿ ಬಾರಸತಿದ್ದನಂತ, ಅದೂ ಅವತ್ತೇ ನನಗ ಗೊತ್ತಾಯ್ತು. ನಾ ಮುಂದ ಹೋಗಿ ನನ್ನ ಸೊಟ್ಟ ಬೆರಳ ಇಟ್ಟೆ. ಬಾಗಿದ ಕಡಿ ಬಾಗಿ, ಉಗುರಿನ ತನಕ ಕೂಡ್ತು. ನನ್ನ ಕರೀ ಬೆರಳು, ಆ ಕರೀ ಹಲಗಿ, ಎಲ್ಲಿ ಬೆರಳು ಮುಗದು ಎಲ್ಲಿ ಹಲಗಿ ಸುರು ಆಯ್ತು ಅಂತ ತಿಳೀವಲ್ದು.

ಮುನಸೀಫ ಸಾಹೇಬರು ನನ್ನ ಬೆರಳು ನೋಡಿದ್ರು. "ಈ ಕಪ್ಪು ಏನು? ಆಬನೂಸು ಅಲ್ಲ, ಬಣ್ಣಾನೂ ಅಲ್ಲ."

ಅಲ್ಲೇ ಗೇರಿನ ಎಣ್ಣಿ ಅಂತ ಅಂದು ಬಿಡಬಹುದಾಗಿತ್ತು. ಅದೇನು ಸುಳ್ಳಲ್ಲ. ಹಿಂದ ಕಾಕಾ ಉಸಿರ ಹಿಡಕೊಂಡು ನಿಂತಿದ್ದು ನನಗ ಬೆನ್ನಿಗೇ ಗೊತ್ತಾಗತಿತ್ತು. ಆದ್ರ ಹೆಸರ ಹೇಳಿದ ಮ್ಯಾಲ ಅರ್ಧಾ ಹೇಳೂದು ಎಂಥಾದ್ದು?

"ಕಂತಿ ಅಂತಾರ್ರಿ ಸರಕಾರ. ನಮ್ಮ ಲಿಂಗಕ್ಕ ಕಟ್ಟೂ ಕಂತಿ. ಭಾಲ್ಕ್ಯಾಗ 'ಹಾವಗೆಪ್ಪನ ಕಂತಿ' ಅಂತಾರ. ಅದೂ ನಂದೇ. ಮದಿವ್ಯಾಗಿ ಬಂದ ವರ್ಷದಿಂದ ನಾನೇ ಕಟ್ಟೀನಿ. ಬರಕೋರಿ ಅದನ್ನೂ."

ಪೇಶಕಾರ ಮುನಸೀಫರ ಮುಖ ನೋಡಿದ. ಅವರು ಬರಕೋ ಅಂತ ಕೈ ಮಾಡಿದ್ರು. ಈ ಸಲ ನನ್ನ ಹೆಸರು ಕೇಳಿದ. ಹೇಳಿದೆ. ಮಕ್ಬೂಲನ ಬೇಡಿ ಬಿಚ್ಚಿ, ಮ್ಯಾಂಡೊಲಿನ್ ಅವನ ಕೈಯಾಗ ಕೊಟ್ರು. ಜಾಗೀರದಾರ ಸಾಹೇಬರು ಟಾಂಗಾ ಹತ್ತಿ ಹೋದ್ರು. ಅವರ ಮ್ಯಾಂಡೊಲಿನ್ ಎಲ್ಲಿ ಹೋಯ್ತೋ ಇವತ್ತಿನ ತನಕ ಯಾರಿಗೂ ಗೊತ್ತಿಲ್ಲ.

ಅಂಗಳಕ್ಕ ಬಂದ ಕೂಡ್ಲೇ ಕುಲಸುಮಬೀ ಗಂಡನ ತುಟಿ ಸೆರಗಿಲೆ ಒರಸ್ಕೋತ ನಿಂತಳು. ಮಕ್ಬೂಲ ನನ್ನ ಕಾಲ ಮುಟ್ಟಲಿಕ್ಕೆ ಬಂದ. "ಎದ್ದು ನಿಂದ್ರು. ಕುಳಿ ನೋಡಿ ನಕ್ಕಿದ್ದಿಯಲ್ಲ, ಅದಕ್ಕ ನಿನಗ ಊರಿಗಿ ಹೋಗಿ ಬೈತೇನಿ," ಅಂದೆ. ಅಂವ ನಗಲಿಕ್ಕೆ ಹೋಗಿ, ಒಡದ ತುಟಿ ಜಗ್ಗಿ, ನೋವಿಗಿ "ಅಮ್ಮಾ" ಅಂದ.

ಬಸವಣ್ಣೆಪ್ಪ ಕಾಕಾ ಬಂಡಿ ಹತ್ತರ ನಿಂತಿದ್ರು, ಬಾಜೂಕ ಆ ಇಬ್ಬರು ಹಿರ್ಯಾರು. ಮುಖ ಕೆಂಪಗಾಗಿತ್ತು.

"ಮುಗೀತು ಕಸ್ತೂರಿ," ಅಂದ್ರು. "ಹಾದಿಗಿ ಹೊಂಟ ಮಾರಿಗಿ ಮನಿಗಿ ಕರಕೊಂಡಿ. ಇವತ್ತಿನಿಂದ ನಿನ್ನ ಕೈಲೆ ಕಂತಿ ಇಲ್ಲ. ಲಿಂಗದ ಕಂತಿ ಒಯ್ದು ಬಾಜಾಕ್ಕ ಬಳದಿ, ಅದೂ…" ಮಕ್ಬೂಲನ ಕಡಿ ನೋಡಿ ಮಾತು ನುಂಗಿದ್ರು.

"ಅದೂ ಏನ್ರಿ? ಪೂರಾ ಹೇಳ್ರಿ. ಅದೂ ತುರುಕರವನ ಬಾಜಾಕ್ಕ, ಅಲ್ಲ? ಮಠದಾಗ ಕುಂತು ಕುಲ ಇಲ್ಲ, ಹೆಣ್ಣು ಗಂಡು ಇಲ್ಲ, ಕಾಯಕ ಮಾಡೂ ಕೈ ದೊಡ್ಡದು ಅಂತ ನೀವೇ ಹೇಳತೀರಿ. ನಾ ಹೌದ್ರಿ ಅಂತ ನಂಬೀನಿ. ನಂಬಿದ್ದು ತಪ್ಪೇನ್ರಿ?"

"ಬಾಯಿ ಬಿಗಿ ಹಿಡಿ. ಮೈಲಿಗಿ ಆದ ಗಡಗಿ ಅದು."

"ಹಂಗಂತೀರಾ?" ಅಂತ ನಾ ಅವರ ಎದುರಿಗಿ ಹೋಗಿ ನಿಂತೆ. "ಹ್ವಾದ ವರ್ಷ ನಿಮ್ಮ ಲಿಂಗದ ಕಂತಿ ಬಿರಕ ಬಿಟ್ಟದ ಅಂತ ನೀವೇ ಬಂದಿದ್ರಿ. ಅದನ್ನ ಕಟ್ಟಿದ್ದು ಆ ಗಡಗೀಲೇ. ಈ ಮ್ಯಾಂಡೊಲಿನ್ನಿಗಿ ಎಳದದ್ದೂ ಅದೇ ಗಡಗೀದು, ಅದೇ ವಾರದಾಗ. ಇವರದೂ ಅದೇ, ಅವರದೂ ಅದೇ. ನಿಮ್ಮ ಸೊಸಿದು, ಮೊಮ್ಮಕ್ಕಳದು, ಭಾಲ್ಕ್ಯಾಗ ಯಾರ ಎದಿ ಮ್ಯಾಲ ನೋಡಿದ್ರೂ ನನ್ನ ಕೈ ಅದ. ಮೈಲಿಗಿ ಅಂತೀರಲ್ಲ, ಕೆರದು ತೆಗೀರಿ. ನಾ ಕಣ್ಣಿಲೆ ನೋಡಿ ಹೋಗತೇನಿ. ತೆಗೀರಿ!"

ಅಂಗಳದಾಗ ಮಂದಿ ನೋಡಲಿಕತ್ತಿದ್ರು. ಕಾಕಾನ ಕೈ ಎದಿಗಿ ಹೋಯ್ತು. ಅಂಗಿ ಮ್ಯಾಲಿಂದಲೇ ಲಿಂಗದ ಕರಡಗಿ ಗಟ್ಟಿ ಹಿಡಕೊಂಡ್ರು, ನಾ ಎಲ್ಲಿ ಕಸಗೊಂಡು ಬಿಡತೇನೋ ಅನ್ನೋವಂಗ. ಬಾಜೂಕಿನ ಇಬ್ಬರೂ ತಮ್ಮ ತಮ್ಮದು ಹಿಡಕೊಂಡ್ರು.

"ಹಂಗೇ ಹಿಡಕೋರಿ," ಅಂದೆ. "ಬಿಡಬ್ಯಾಡ್ರಿ. ಯಾರು ಕಟ್ಟಿದ್ದು ಅಂತ ಯಾರರ ಕೇಳಿದ್ರ ಕಸ್ತೂರಿ ಅನ್ರಿ."